ಕಾಲು ಹೂಳದ ಮನೆ

ಶಾಂಭವಿ, ಗುರುಪಾದ ಬಾಡಿಗೆಗಿದ್ದ ಮನೆ ಎಲ್ಲ ಮನೆಗಳಂತೆಯೇ ಕಾಲುಳ್ಳದ್ದು. ದಿನಕ್ಕೊಂದು ಬೀದಿಗೆ ನಡೆದು ನಿಲ್ಲುತ್ತಿತ್ತು. ಗುರುಪಾದನಿಗೆ ಅದೇ ಖುಷಿ. ನೆರೆಯವರ ಹೆಸರು ಕೇಳುವಷ್ಟರಲ್ಲಿ ಬೀದಿ ಬದಲಾಗುತ್ತದೆಂದು ಶಾಂಭವಿಗೆ ಬೇಸರ. ಕೊನೆಗೆ ಸ್ವಂತಕ್ಕೊಂದು ಪುಟ್ಟ ಮನೆ ನೋಡಿದರು.

"ಕೊಂಡ ತಕ್ಷಣ ಕಾಲು ಹೂತುಬಿಡಿ ಸಾರ್. ಇಲ್ಲಾಂದ್ರೆ ನಿಮ್ಮನ್ನ ಬಿಟ್ಟು ಹೊರಟುಹೋಗುತ್ತೆ," ಎಂದ ದಳ್ಳಾಳಿ.

ಮನೆ ನಡುಗಿತು.

"ಪಾಪ ರೀ, ಹೂಳೋದು ಬೇಡ," ಎಂದಳು ಶಾಂಭವಿ.

"ಓಡಿಹೋದ್ರೆ?" ಎಂದ ಗುರುಪಾದ.

"ಮತ್ತೆ ಬಾಡಿಗೆ ಮನೆ ಹುಡುಕೋಣ."

ಕೊಂಡರು. ಮರುದಿನ ಇಬ್ಬರೂ ಕೆಲಸಕ್ಕೆಂದು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಹಿಂದೆ ಧಪಧಪ ಸದ್ದಾಯಿತು. ತಿರುಗಿದರೆ, ಅವರದೇ ಮನೆ!

"ಏಯ್, ಮನೆಗೆ ಹೋಗು!" ಎಂದು ಗುರುಪಾದ ಗದರಿದ. ಅದು ಕದಲಲಿಲ್ಲ. ಶಾಂಭವಿ ನಗುತ್ತಲೇ ರಜೆ ಹೇಳಲು ಫೋನು ತೆಗೆದಳು.