ಶುಕ್ರವಾರದ ಉಗುರು

ಆಸ್ಪತ್ರೆಯಲ್ಲಿ ನರ್ಸ್ ಸುನಂದಕ್ಕ ಎಂದಿನಂತೆ ಎಣ್ಣೆ ಹಚ್ಚಿ ನೀವಿ ನೀವಿ, ಹದಿಮೂರರ ಇಂಚರಳ ಮಂಡಿನೋವನ್ನು ಕಾಲ್ಬೆರಳುಗಳಿಗೆ ಇಳಿಸಿದಳು. ಉಗುರುಗಳ ತುದಿ ನೀಲಿಗಟ್ಟಿತು. ಈಗ ಉಗುರು ಕತ್ತರಿಸಿದರೆ ನೋವೂ ಅದರೊಂದಿಗೇ ಹೋಗಿ ವಾರವಿಡೀ ನಿರಾಳ. ಬಿಟ್ಟರೆ ಸಂಜೆಯೊಳಗೆ ನೋವು ಮತ್ತೆ ಮಂಡಿಗೇರುತ್ತಿತ್ತು.

ಆದರೆ ಹಬ್ಬದ ರಜೆಯಿಂದಾಗಿ ಬುಧವಾರದ ಸರದಿ ಈ ಸಲ ಶುಕ್ರವಾರಕ್ಕೆ ಬಿದ್ದಿತ್ತು. ಶುಕ್ರವಾರ ಉಗುರು ಕತ್ತರಿಸಿದರೆ ಲಕ್ಷ್ಮಿ ಮನೆ ಬಿಟ್ಟುಹೋಗುತ್ತಾಳೆಂದು ಎಲ್ಲರನ್ನೂ ಗದರುವ ಅಜ್ಜಿ ಪಕ್ಕದಲ್ಲೇ ಕೂತಿದ್ದರು.

"ಪರವಾಗಿಲ್ಲಜ್ಜಿ, ನಾಳೆ ಬರೋಣ. ತಡ್ಕೋತೀನಿ," ಎಂದಳು ಇಂಚರ.

ಅಜ್ಜಿ ಸುನಂದಕ್ಕನ ಎಣ್ಣೆಗೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. "ಕತ್ತರಿಸಮ್ಮ ತಾಯಿ. ಹೋಗೋ ಲಕ್ಷ್ಮಿ ಹೋಗ್ಲಿ, ಇರೋ ಲಕ್ಷ್ಮಿ ನೆಟ್ಟಗೆ ನಡೀಲಿ."

ಮೆಟ್ಟಿಲಿಳಿಯುವಾಗ ಇಂಚರ ಮುಂದೆ, "ನಿಧಾನ ಕಣೇ, ನನ್ಕೈಲಾಗಲ್ಲ" ಎನ್ನುತ್ತ ಅಜ್ಜಿ ಹಿಂದೆ.