ಹೊಸ ಸೆಲ್ಲಿನ ಸೊಕ್ಕು

“ಏಳನೇ ಇಯತ್ತೆ ಪಾಸಾಗದವನ, ನಮ್ಮವ್ವನ ಎದ್ಯಾಗ ಇರೋ ಚಾರ್ಜನ್ನೂ ಬಸೀತಿಯೇನಲೇ?”

ಗದಗಿನ ಬ್ಯಾಟರಿ ಹೃದಯ ರಿಪೇರಿ ಅಂಗಡಿಯಲ್ಲಿ, ಇಡೀ ಸರದಿಯೆದುರು, ಎಂಜಿನಿಯರ್ ಸಂಗನಬಸವ, ಒಂದು ಸೆಲ್ಲಿನ ಚಾರ್ಜು ಬಸಿಯಬೇಕೆಂದ ರಿಪೇರಿಗಾರ ಮೌನೇಶನ ಮೇಲೆ ಹರಿಹಾಯ್ದ. ಬೆಂಚಿನ ಮೇಲೆ ಅವನ ತಾಯಿ ಪಾರವ್ವ ಏದುಸಿರು ಬಿಡುತ್ತಿದ್ದಳು. ಅವಳ ಹೃದಯದ ಹನ್ನೆರಡು ಸೆಲ್ಲುಗಳಲ್ಲಿ ಒಂದು ಹೊಚ್ಚಹೊಸದು. ಮಗನೇ ಮನೆಯಲ್ಲಿ ಹಾಕಿದ್ದ. ಚಾರ್ಜಿಗಿಟ್ಟರೆ ಅದೊಂದೇ ಬೇಗ ತುಂಬಿ ಕರೆಂಟು ನಿಲ್ಲಿಸುತ್ತಿತ್ತು, ಹಳೆಯ ಹನ್ನೊಂದು ಅರೆಹೊಟ್ಟೆಯಲ್ಲೇ ಉಳಿಯುತ್ತಿದ್ದವು.

ಮೌನೇಶ ಹೊಸ ಸೆಲ್ಲಿಗೊಂದು ಪುಟ್ಟ ಬಲ್ಬು ಕಟ್ಟಿ, ಅದರ ಸೊಕ್ಕನ್ನೆಲ್ಲ ಬೆಳಕು ಮಾಡಿ ಬಸಿದ. ಹನ್ನೆರಡೂ ಸಮವಾದ ಮೇಲೆ ಚಾರ್ಜಿಗಿಟ್ಟ; ಈ ಸಲ ಎಲ್ಲವೂ ಒಟ್ಟಿಗೇ ತುಂಬಿದವು.

“ಎದಿ ಹತ್ತಿಯಂಗ ಹಗುರಾತು ನನ್ನಪ್ಪಾ!” ಪಾರವ್ವ ಕೋಲು ಮರೆತು ಎದ್ದು ನಿಂತಳು.

“ಇದನ್ನ ಎಲ್ಲಿ ಕಲಿತ್ರಿ?” ಸಂಗನಬಸವನ ದನಿ ಮೆತ್ತಗಾಗಿತ್ತು.

ಮೌನೇಶ ಇನ್ನೂ ಬೆಚ್ಚಗಿದ್ದ ಬಲ್ಬನ್ನು ಜೇಬಿಗಿಳಿಸಿ, ಮುಂದಿನ ಬೆಂಚಿನತ್ತ ನಡೆದ.