ಗೋಪುರದ ಸೇರು

"ಕೈ ತೆಗೀರಿ, ಸಾವ್ಕಾರ್ರೆ!"

ಇಂದ್ರಮ್ಮ ಕೂಗಿದ ಜೋರಿಗೆ, ಒಂಟಿಕೊಪ್ಪಲಿನ ರಾಮಯ್ಯನ ದಿನಸಿ ಅಂಗಡಿಯ ಮುಂದೆ ನೂಕಾಡುತ್ತಿದ್ದವರೆಲ್ಲ ಒಮ್ಮೆಲೇ ತಿರುಗಿದರು. ನಾಳೆ ಆಯುಧಪೂಜೆ. ಜಟಕಾದವರು, ಸೈಕಲ್ ಶಾಪಿನವರು, ಮರಗೆಲಸದವರು, ರೈಲ್ವೆ ವರ್ಕ್‌ಶಾಪಿನವರು, ಎಲ್ಲರಿಗೂ ಪೂಜೆಗೆ ಪುರಿ, ಅಂದರೆ ಮಂಡಕ್ಕಿ, ಬೇಕು, ಈಗಲೇ ಬೇಕು. ಅಂಗಡಿಯಲ್ಲೋ ಒಂದು ಕಾಳು ಪುರಿಯಿಲ್ಲ. ಇದ್ದದ್ದೆಲ್ಲ ಇಂದ್ರಮ್ಮ ತನ್ನ ಭಟ್ಟಿಯಲ್ಲಿ ಹುರಿದು ತಂದು, ಈಗಷ್ಟೇ ಜಗಲಿಗೆ ಇಳಿಸಿದ್ದ ಮೂಟೆಗಳಲ್ಲಿ. ರಾಮಯ್ಯ ಮೊದಲ ಮೂಟೆಯ ಬಾಯಿ ಬಿಚ್ಚಿ ಸೇರಿನ ಪಾತ್ರೆ ತುಂಬಿದ್ದ. ತುಂಬಿದ ಮೇಲೂ ಬಿಡದೆ, ಪಾತ್ರೆಯ ಬಾಯಿಗೆ ಎಡಗೈಯನ್ನು ಕೋಟೆಯಂತೆ ಬಳಸಿ, ಬಲಗೈಯಿಂದ ಮತ್ತಷ್ಟು ಮತ್ತಷ್ಟು ಪೇರಿಸುತ್ತಿದ್ದ. ಪುರಿ ಗೋಪುರವಾಗಿ ಏಳುತ್ತಿತ್ತು.

ಅದು ಆ ಅಂಗಡಿಯ ಹಳೇ ಪದ್ಧತಿ. ಕೊಳ್ಳುವಾಗ ಗೋಪುರ ಕಟ್ಟಿ ಅಳೆಯುವುದು, ಮಾರುವಾಗ ಅದೇ ಸೇರಿನ ಬಾಯಿಗೆ ಕೋಲೆಳೆದು ಮಟ್ಟ ಮಾಡುವುದು. ನಡುವೆ ಉಳಿದದ್ದೆಲ್ಲ ರಾಮಯ್ಯನ ಪಾಲು. ಇಂದ್ರಮ್ಮ ಇದನ್ನು ವರ್ಷಗಟ್ಟಲೆ ನುಂಗಿಕೊಂಡು ಬಂದಿದ್ದಳು. ಕಾದ ಮರಳಿನ ಮುಂದೆ ಕೂತು ಮೈಯೆಲ್ಲ ಬೇಯಿಸಿಕೊಂಡರೂ ಹೋದ ಹಬ್ಬದಲ್ಲಿ ಸೌದೆಯ ಖರ್ಚು ಕೂಡ ಗಿಟ್ಟಿರಲಿಲ್ಲ. ಈ ಸಲವೂ ಹಾಗೇ ಆದರೆ ಭಟ್ಟಿಗೆ ಮಣ್ಣು ಮುಚ್ಚುವುದೇ ಸೈ ಎಂದುಕೊಂಡೇ ಬಂದಿದ್ದಳು. ಆದರೂ ಬಾಯಿ ಬಿಡುವ ಧೈರ್ಯ ಈಗ ಎಲ್ಲಿಂದ ಬಂತೋ, ಅವಳಿಗೇ ಗೊತ್ತಿಲ್ಲ.

"ಏನಮ್ಮಾ ಇದು, ಹಬ್ಬದ ಹೊತ್ತಲ್ಲಿ?" ರಾಮಯ್ಯ ನಕ್ಕ. "ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿರೋ ಅಳತೆ."

"ನಿಮ್ಮಪ್ಪನ ಕಾಲ್ದಲ್ಲಿ ಬಿಳೀ ದೊರೆಗಳೂ ಇದ್ರು. ಅವ್ರೇ ಗಂಟುಮೂಟೆ ಕಟ್ಕೊಂಡು ಓಗಿ ಹತ್ತು ವರ್ಸ ಆಯ್ತು. ನಿಮ್ ಸೇರಿಗೆ ಇನ್ನೂ ಸ್ವತಂತ್ರ ಬರ್ಲಿಲ್ವಾ?"

ಜನ ಗೊಳ್ಳೆಂದರು. ರಾಮಯ್ಯನ ನಗು ಮಾತ್ರ ಆರಿಹೋಯಿತು.

"ಇಷ್ಟ ಇಲ್ದಿದ್ರೆ ಎತ್ಕೊಂಡು ಹೋಗು. ಬೇರೆ ಭಟ್ಟಿಯೋರು ಗೋಪುರದ ಮೇಲೆ ಕಳಸ ಇಟ್ಟು ಕೊಡ್ತಾರೆ."

ಇಂದ್ರಮ್ಮ ಮೂಟೆಗಳ ಕಡೆ ನೋಡಿದಳು. ಹಬ್ಬ ಕಳೆದು ಪುರಿ ಮೆತ್ತಗಾದರೆ ದನ ಕೂಡ ಮೂಸಿ ನೋಡುವುದಿಲ್ಲ. ಅವಳ ಭಟ್ಟಿಗೆ ಭತ್ತ ಹಾಕುವ ಇಲವಾಲದ ಜವರಯ್ಯನೇ ಮೂಟೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಅವನು ಗಾಡಿಯ ಮೂಕಿಯ ಮೇಲೆ ಕೂತು, ಬಿಡಬೇಡ ಎಂಬಂತೆ ತಲೆಯಾಡಿಸಿದ. ಮುಳುಗಿದವನಿಗೆ ಚಳಿಯೇನು, ಮಳೆಯೇನು! ಇಂದ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಆಯ್ತು ಸಾವ್ಕಾರ್ರೆ, ನಾನೇ ಸೋತೆ. ಗೋಪುರಾನೇ ಇರ್ಲಿ," ಎಂದವಳು, ಪೇರಿಸಿದ ಸೇರನ್ನು ಒಂದು ಕಾಳೂ ಉದುರದಂತೆ ಎರಡು ಕೈಯಲ್ಲಿ ಎತ್ತಿ ಜನರ ಕಡೆ ತಿರುಗಿದಳು. "ನೋಡ್ಕಳಿ ಎಲ್ರೂವೆ! ಸಾವ್ಕಾರ್ರು ನನ್ತಾವ ಈಸ್ಕಳೋ ಒಂದು ಸೇರು ಅಂದ್ರೆ ಇಷ್ಟು. ನಿಮ್ಗೂ ಇಷ್ಟೇ ಅಳ್ದು ಕೊಡ್ತಾರೆ. ಅಲ್ವಾ, ಸಾವ್ಕಾರ್ರೆ?"

ಜಟಕಾ ಹೊಡೆಯುವ ಬೆಟ್ಟಯ್ಯ ಚಾವಟಿ ಮೇಲೆತ್ತಿ ಕೂಗಿದ: "ಅಂಗಾದ್ರೆ ನಂಗೂ ಗೋಪುರ!"

"ನಂಗೂ!" "ಮೊದ್ಲು ನಂಗೆ ಕಣ್ರೀ!" ಚೀಲಗಳು, ಟವೆಲುಗಳು, ಪಂಚೆಯ ಚುಂಗುಗಳು ಒಟ್ಟಿಗೇ ಮುಂದೆ ಚಾಚಿದವು. "ಇಷ್ಟು ವರ್ಸ ಬೋಳು ಸೇರು ಕೊಟ್ರಲ್ಲ, ಅದ್ಕೇನಂತೀರಿ?" ಎಂದು ಹಿಂದಿನಿಂದ ಮುದುಕಿಯೊಬ್ಬಳು ರಾಗ ಎಳೆದಳು. ರಾಮಯ್ಯನ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿಗಿಳಿಯಿತು. ಮಟ್ಟ ಎಂದರೆ ಇಂದ್ರಮ್ಮ ಗೆದ್ದಳು, ಗೋಪುರ ಎಂದರೆ ಇಡೀ ಒಂಟಿಕೊಪ್ಪಲು ಗೆದ್ದಿತು. ಪಾಪ, ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದ.

"ಮಟ್ಟ! ಮಟ್ಟವೇ ಇರ್ಲಿ ಕಣ್ರಪ್ಪಾ!" ರಾಮಯ್ಯ ಕೋಲನ್ನು ಎತ್ತಿ ಹಿಡಿದು ಕಿರುಚಿದ. "ಕೊಳ್ಳೋದೂ ಮಟ್ಟ, ಮಾರೋದೂ ಮಟ್ಟ. ಆಯ್ತಾ, ತಾಯಿ?"

"ಈ ಹಬ್ಬಕ್ಕೆ ಮಾತ್ರಾನಾ?"

"ಯಾವತ್ತಿಗೂ! ನಾಳೆ ಪೂಜೆಗಿಡೋ ತಕ್ಕಡಿ ಮುಟ್ಟಿ ಹೇಳ್ತೀನಿ, ಸಾಕಾ?"

ಇಂದ್ರಮ್ಮ ಮೂಟೆಯ ಮೇಲೆ ಹಿಡಿದ ಸೇರಿನ ಬಾಯ ಮೇಲೆ ಕೋಲು ಸರ್ರನೆ ಸರಿಯಿತು. ಗೋಪುರವೆಲ್ಲ ಉದುರಿ ಇಂದ್ರಮ್ಮನ ಮೂಟೆಗೇ ವಾಪಸು ಬಿತ್ತು. ಎಂಥ ಇಂಪಾದ ಸದ್ದು ಅದು! ಅವಳಿಗೆ ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು. ಜನ ಶಿಳ್ಳೆ ಹೊಡೆದರು, ಎಲ್ಲರಿಗಿಂತ ಜೋರಾಗಿ ಹೊಡೆದವನು ಜವರಯ್ಯ.

ಖಾಲಿ ಗಾಡಿಯಲ್ಲಿ ಮನೆಗೆ ಹೊರಟಾಗಲೂ ಇಂದ್ರಮ್ಮನ ಉತ್ಸಾಹ ಇಳಿದಿರಲಿಲ್ಲ. ಹೇಳಿದ್ದನ್ನೇ ಹೇಳಿದಳು, ನಕ್ಕಿದ್ದಕ್ಕೇ ನಕ್ಕಳು.

"ಮೊಕ ಎಂಗಾಯ್ತು ನೋಡ್ದೇನೋ ಅವರ್ದು! ಬೆವರು ಕಣೋ ಅದು, ಬಡವರ ಬೆವರು. ಅದ್ಕೆ ಕೈ ಅಡ್ಡ ಕಟ್ಟಿ ಅಳೀಬೌದಾ?"

"ಅಳೀಬಾರ್ದು ಕಣಕ್ಕ," ಎಂದು ಜವರಯ್ಯನೂ ನಕ್ಕ. ಎತ್ತುಗಳನ್ನು ಒಮ್ಮೆ ಗದರಿಸಿದ. ಆಮೇಲೆ ಹಿಂತಿರುಗಿ ನೋಡದೆ ಕೇಳಿದ: "ನಾಳಿದ್ದು ನಿಮ್ಮನೇಗೆ ಭತ್ತ ತತ್ತೀನಲ್ಲಕ್ಕ, ಕೋಲೂ ನಾನೇ ತರ್ಲಾ, ಇಲ್ಲಾ ನಿನ್ತಾವ್ಲೇ ಐತಾ?"

ಇಂದ್ರಮ್ಮ ಥಟ್ಟನೆ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹೋದ ವಾರ ಜವರಯ್ಯನ ಭತ್ತವನ್ನು ಅಳೆದುಕೊಂಡಾಗ ಭತ್ತದ ಮೊನೆ ತಾಗಿ ಎದ್ದಿದ್ದ ಗೀರುಗಳು, ಮೊಣಕೈಯವರೆಗೂ ಇನ್ನೂ ಕೆಂಪಾಗಿಯೇ ಇದ್ದವು.